ಒಂದೇ ಆಂಟೆನಾ, ಎರಡು ಮನೆ



ಸಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಕಡೆಗಾಗಲಿ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಗಾಗಲಿ ಹೋದರೆ, ಹಳೆಯ ಮನೆಗಳ ಮೇಲೆ ಅಲ್ಲೊಂದು ಇಲ್ಲೊಂದು ಉದ್ದನೆಯ ಕಬ್ಬಿಣದ ಕೊಳವೆ ನಿಂತಿರುವುದನ್ನು ಇಂದಿಗೂ ಕಾಣಬಹುದು. ಅದರ ತುದಿಯಲ್ಲಿ ಮೀನಿನ ಮುಳ್ಳಿನಂತೆ ಅಡ್ಡಡ್ಡ ಜೋಡಿಸಿದ ಅಲ್ಯುಮಿನಿಯಂ ಕಡ್ಡಿಗಳು. ಈಗ ಅದರ ಮೇಲೆ ಕಾಗೆ ಕೂರುತ್ತದೆ, ಬಟ್ಟೆ ಒಣಗಿಸುವ ಹಗ್ಗ ಕಟ್ಟುತ್ತಾರೆ. ಒಂದು ಕಾಲದಲ್ಲಿ ಆ ಕಡ್ಡಿಗಳು ಒಂದು ಗೇಣು ಆಚೀಚೆ ತಿರುಗಿದರೂ ಮನೆಯೊಳಗೆ ಗದ್ದಲವಾಗುತ್ತಿತ್ತು. ಒಬ್ಬ ಮಾಳಿಗೆಯ ಮೇಲೆ, ಒಬ್ಬ ಬಾಗಿಲಲ್ಲಿ, ಒಬ್ಬಳು ಟಿ.ವಿ.ಯ ಮುಂದೆ. "ಬಂತಾ?" "ಇನ್ನೂ ಸ್ವಲ್ಪ ತಿರುಗ್ಸು." "ಈಗ?" "ಹೋಯ್ತು, ಹಿಂದಕ್ಕೆ ತಿರುಗ್ಸು." ಇದು ಆ ದಿನಗಳ ಪ್ರತಿ ಊರಿನ ಸಂಭಾಷಣೆ.

ಆ ಒಂದು ಆಂಟೆನಾದಿಂದ ಎರಡು, ನಾಲ್ಕು, ಎಂಟು ಟಿ.ವಿ.ಗಳಿಗೆ ಸಂಕೇತವನ್ನು ಹಂಚುವುದು ಹೇಗೆ ಎಂಬುದೇ ಇಂದಿನ ವಿಷಯ. ವೈರಿಗೆ ವೈರು ಸುತ್ತಿದರೆ ಆಯಿತಲ್ಲ, ಅದರಲ್ಲೇನು ವಿಜ್ಞಾನ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯವರಿಗೂ ಹಾಗೆಯೇ ಅನ್ನಿಸಿತ್ತು. ಅದರಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗುವ ತನಕ ವಿಷಯ ಬೆಳೆಯಿತು. ಮೊದಲು ಆ ಪ್ರಸಂಗವನ್ನೇ ಹೇಳುತ್ತೇನೆ.

ನಾನಾಗ ಪಿ.ಯು.ಸಿ. ಮೊದಲ ವರ್ಷದಲ್ಲಿದ್ದೆ. ನಮ್ಮ ತಂದೆಯೂ ಚಿಕ್ಕಪ್ಪನೂ ಅದಕ್ಕೆ ಹಿಂದಿನ ವರ್ಷ ಪಾಲಾಗಿದ್ದರು. ಹೊಲ ಪಾಲಾಯಿತು, ಹುಣಸೆ ಮರಗಳು ಪಾಲಾದವು, ನಡುಮನೆಗೆ ಅಡ್ಡಗೋಡೆ ಎದ್ದಿತು. ಆಂಟೆನಾ ಮಾತ್ರ ಪಾಲಾಗಲಿಲ್ಲ. ಪಾಲು ಮಾಡಲು ಬಂದ ಹಿರಿಯರು, "ಬಾವಿ ನೀರು ಇದ್ದಂಗೆ ಇಬ್ಬರ್ಗೂ ಇರ್ಲಿ" ಎಂದರು. ಚಿಕ್ಕಪ್ಪ ಒಂದು ಟಿ.ವಿ. ತಂದು, ಸೂರಿನ ಕೆಳಗೆ ನಮ್ಮ ಕೇಬಲ್ಲಿನ ತೊಗಟೆ ಬಿಡಿಸಿ, ತಾಮ್ರಕ್ಕೆ ತಾಮ್ರ, ಮೇಲಿನ ಜಾಲರಿಗೆ ಜಾಲರಿ ಸುತ್ತಿ, ಟೇಪು ಹಾಕಿ, ಅಲ್ಲಿಂದ ತಮ್ಮ ಮನೆಯೊಳಕ್ಕೆ ಒಂದು ತುಂಡು ಕೇಬಲ್ ಎಳೆದುಕೊಂಡರು. ಎರಡೂ ಕಡೆ ಚಿತ್ರ ಕೊಂಚ ಮಂಕಾಯಿತು, ಅಂಚುಗಳು ಹಿಂಜಿದಂತಾದವು. ಆದರೂ ನೋಡುವಂತಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತಕ್ಕೂ ಪಾಕಿಸ್ತಾನಕ್ಕೂ. ಭಾರತ 287 ಓಟ ಮಾಡಿತ್ತು. ಆದರೆ ಪಾಕಿಸ್ತಾನದ ಆರಂಭದ ಆಟಗಾರರು ಬಿರುಗಾಳಿಯಂತೆ ಬಾರಿಸತೊಡಗಿದರು. ಚಿಕ್ಕಪ್ಪನಿಗೆ ಬೇಸರವಾಯಿತು. ಮರುದಿನ ಕೋಳಿ ಕೂಗುವ ಹೊತ್ತಿಗೆ ಹುಣಸೆಹಣ್ಣು ಬಡಿಯಲು ಹೋಗಬೇಕು. "ಮುಗೀತು ಬಿಡು ಈ ಮ್ಯಾಚು" ಎಂದು ಟಿ.ವಿ. ಆರಿಸಿ, ಹಿಂದಿನ ಆಂಟೆನಾ ವೈರನ್ನು ಕಿತ್ತಿಟ್ಟು ಮಲಗಿದರು. ಯಾವುದೋ ಮಳೆಗಾಲದಲ್ಲಿ ಊರಿನ ಒಂದು ಟಿ.ವಿ. ಸಿಡಿಲಿಗೆ ಸುಟ್ಟ ಮೇಲೆ, ಮಲಗುವ ಮುಂಚೆ ವೈರು ಕೀಳುವುದು ಅವರ ಅಭ್ಯಾಸವಾಗಿತ್ತು.

ಅದೇ ಕ್ಷಣ ನಮ್ಮ ಮನೆಯ ಟಿ.ವಿ.ಯಲ್ಲಿ ಚಿತ್ರ ಹೋಯಿತು. ಬರೀ ಚುಕ್ಕಿ ಚುಕ್ಕಿ, ಬರೀ ಸೊರ್ರೆಂಬ ಸದ್ದು. ಮನೆ ತುಂಬ ಕೂತಿದ್ದ ನೆರೆಹೊರೆಯವರು ಹೋ ಎಂದರು. ಅಪ್ಪ ಗೋಡೆಯಾಚೆಗೆ ಕೂಗಿದರು: "ಏನಪ್ಪಾ, ವೈರು ಮುಟ್ಟಿದ್ಯಾ?" ಅಲ್ಲಿಂದ ಉತ್ತರ ಬಂತು: "ನಾನು ನನ್ ಟಿ.ವಿ. ವೈರು ಕಿತ್ತಿದ್ದು ಕಣಣ್ಣ. ನಿಂದ್ಯಾಕೆ ಹೋಯ್ತದೆ?" ಮಾತಿಗೆ ಮಾತು ಬೆಳೆಯಿತು. ಕೊನೆಗೆ ಚಿಕ್ಕಮ್ಮ ಎದ್ದು ಆ ವೈರನ್ನು ಮತ್ತೆ ಸಿಕ್ಕಿಸಿದಾಗ ಇಲ್ಲಿ ಚಿತ್ರ ಮರಳಿತು. ಅಷ್ಟರಲ್ಲಿ ಅಮೀರ್ ಸೊಹೈಲನ ಸ್ಟಂಪು ಹಾರಿಹೋಗಿತ್ತು. ವೆಂಕಟೇಶ್ ಪ್ರಸಾದ್ ಹಾಕಿದ ಆ ಚೆಂಡನ್ನು ಇಡೀ ದೇಶ ನೋಡಿತು, ನಮ್ಮ ನಡುಮನೆ ನೋಡಲಿಲ್ಲ. ಭಾರತ 39 ಓಟಗಳಿಂದ ಗೆದ್ದಿತು. ಅಪ್ಪ ಮಾತ್ರ, "ಬೇಕಂತ್ಲೇ ಮಾಡವ್ನೆ" ಎಂದುಕೊಂಡೇ ಮಲಗಿದರು. ಬೆಳಿಗ್ಗೆ ಚಿಕ್ಕಪ್ಪ ಇಕ್ಕಳ ತಂದು, ಸೂರಿನ ಕೆಳಗಿನ ಗಂಟಿನ ಹತ್ತಿರವೇ ತಮ್ಮ ಕೇಬಲನ್ನು ಕತ್ತರಿಸಿದರು. "ನಿನ್ ಆಂಟೆನಾ ನೀನೇ ಇಟ್ಕೊ." ಅಂದಿನಿಂದ ಮಾತಿಲ್ಲ. ಚಿಕ್ಕಪ್ಪನ ಮಕ್ಕಳು ಭಾನುವಾರದ ಸಿನಿಮಾಕ್ಕೆ ನಮ್ಮ ಕಿಟಕಿಯ ಹತ್ತಿರ ಬಂದು, ಒಳಗೆ ಬರಲಾರದೆ ನಿಲ್ಲುತ್ತಿದ್ದರು.

ಮಿತ್ರರೆ, ಆ ರಾತ್ರಿ ಇಬ್ಬರೂ ಸುಳ್ಳು ಹೇಳಿರಲಿಲ್ಲ. ವೈರು ಕಿತ್ತದ್ದರಿಂದಲೇ ಚಿತ್ರ ಹೋಯಿತು ಎಂಬ ಅಪ್ಪನ ಮಾತು ನಿಜ. ಬೇರೆಯವರ ಟಿ.ವಿ.ಯನ್ನು ತಾನು ಮುಟ್ಟಿಲ್ಲ ಎಂಬ ಚಿಕ್ಕಪ್ಪನ ಮಾತೂ ನಿಜ. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಸಂಕೇತದ ದಾರಿಯನ್ನು ಮೊದಲಿನಿಂದ ನೋಡಬೇಕು.

ಬೆಂಗಳೂರಿನಲ್ಲಿ ದೂರದರ್ಶನ ಪ್ರಸಾರ ಶುರುವಾದದ್ದು 1981ರ ನವೆಂಬರಿನಲ್ಲಿ. ಅಲ್ಲಿಂದ ಸಿರಾಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 110 ಕಿಲೋಮೀಟರ್. ಟಿ.ವಿ. ತರಂಗಗಳು ಹೆಚ್ಚು ಕಡಿಮೆ ಬೆಳಕಿನಂತೆ ನೇರವಾಗಿ ಸಾಗುತ್ತವೆ; ಭೂಮಿಯೋ ಗುಂಡಗಿದೆ. ಸಮತಟ್ಟಾದ ನೆಲದಲ್ಲಿ 150 ಮೀಟರ್ ಎತ್ತರದ ಗೋಪುರವಿದ್ದು, ನಿಮ್ಮ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ, ಒಂದಕ್ಕೊಂದು ಕಾಣುವ ದೂರ ಎಷ್ಟು? ಎರಡೂ ಎತ್ತರಗಳ ವರ್ಗಮೂಲಗಳನ್ನು ಕೂಡಿ 4.12ರಿಂದ ಗುಣಿಸಿ. ಸುಮಾರು 63 ಕಿಲೋಮೀಟರ್ ಬರುತ್ತದೆ. ಬೆಂಗಳೂರು ಎತ್ತರದ ಪ್ರಸ್ಥಭೂಮಿಯ ಮೇಲಿದೆ ಎಂಬುದು ನಮಗೆ ಅನುಕೂಲ. ಆದರೆ ಬೆಂಗಳೂರು ಮತ್ತು ಸಿರಾಗಳ ನಡುವೆ ಒಂದು ನೇರ ಗೆರೆ ಎಳೆದರೆ, ಅದರ ನಡುಮಧ್ಯದಲ್ಲೇ ದೇವರಾಯನದುರ್ಗದ ಬೆಟ್ಟಸಾಲು ಅಡ್ಡ ಬರುತ್ತದೆ. ಇತ್ತ ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ದರಬೆಟ್ಟ. ದೂರದ ಗೋಪುರದಿಂದ ಬರುವ ತರಂಗ ಈ ಬೆಟ್ಟಗಳ ನೆತ್ತಿ ಸವರಿ, ಬಾಗಿ, ಚದುರಿ, ಬಡವಾಗಿ ನಮ್ಮ ಸೀಮೆಗೆ ತಲುಪುತ್ತಿತ್ತು. ಅದಕ್ಕೇ ಕೊಳವೆಗಳು ಅಷ್ಟು ಎತ್ತರ. ಕೆಲವು ಊರಿನವರು ಹತ್ತಿರದ ಮರುಪ್ರಸಾರ ಕೇಂದ್ರದ ಕಡೆಗೆ ಆಂಟೆನಾ ತಿರುಗಿಸಿಕೊಂಡರು. ಏನೇ ಆದರೂ ಗೋಪುರದಿಂದ ದೂರದ ಹಳ್ಳಿಗೆ ಬರುತ್ತಿದ್ದದ್ದು ಅಳಿದುಳಿದ ಸಂಕೇತವೇ.

ಆ ಮೀನಿನ ಮುಳ್ಳಿನ ಆಂಟೆನಾಕ್ಕೆ ಯಾಗಿ-ಉಡಾ ಆಂಟೆನಾ ಎಂದು ಹೆಸರು. 1926ರಲ್ಲಿ ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾನಿಲಯದಲ್ಲಿ ಶಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ ಅದನ್ನು ರೂಪಿಸಿದರು. ಅದರಲ್ಲಿ ಸಂಕೇತವನ್ನು ಹಿಡಿಯುವುದು, ಅಗಲ ಕಡಿಮೆಯಾದ ಉದ್ದುದ್ದನೆಯ ಬಳೆಯಂತೆ ಮಡಿಸಿದ ಒಂದೇ ಕೊಳವೆ. ಅದರ ಹಿಂದಿನ ದೊಡ್ಡ ಕಡ್ಡಿ ತರಂಗವನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಗಿಡ್ಡ ಕಡ್ಡಿಗಳು ಒಳಕ್ಕೆ ಕರೆಯುತ್ತವೆ. ಮಡಿಸಿದ ಕೊಳವೆಯ ಉದ್ದ ತರಂಗದೂರದ ಅರ್ಧ. 200 ಮೆಗಾಹರ್ಟ್ಸ್ ಆವೃತ್ತಿಯ ತರಂಗದ ಉದ್ದ ಒಂದೂವರೆ ಮೀಟರ್. ಆಗ ಕೊಳವೆ ಸುಮಾರು 75 ಸೆಂಟಿಮೀಟರ್. ಹಳೆಯ ಆಂಟೆನಾ ಸಿಕ್ಕಿದರೆ ಅಳೆದು ನೋಡಿ. ಅದು ಯಾವ ಆವೃತ್ತಿಗೆ ಮಾಡಿದ್ದೆಂದು ನೀವೇ ಹೇಳಬಹುದು.

ಇಷ್ಟೆಲ್ಲ ಮಾಡಿ ಹಿಡಿದ ಸಂಕೇತ ಎಷ್ಟಿರುತ್ತದೆ? ಹಳೆಯ ಟಿ.ವಿ.ಯಲ್ಲಿ ಚಿತ್ರ ಸ್ವಚ್ಛವಾಗಿ ಮೂಡಬೇಕಾದರೆ ಕೇಬಲ್ಲಿನ ತುದಿಯಲ್ಲಿ ಸುಮಾರು 1 ಮಿಲಿವೋಲ್ಟ್ ಬೇಕಾಗಿತ್ತು. ಕೇಬಲ್ಲಿನ ಗುಣವಾದ 75 ಓಂ ತೆಗೆದುಕೊಂಡು ಶಕ್ತಿಯನ್ನು ಲೆಕ್ಕ ಹಾಕಿ: ವೋಲ್ಟೇಜಿನ ವರ್ಗವನ್ನು 75ರಿಂದ ಭಾಗಿಸಿದರೆ 13 ನ್ಯಾನೋವ್ಯಾಟ್. ಅಂದರೆ ಒಂದು ವ್ಯಾಟನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ 13 ಪಾಲು. ಇಷ್ಟನ್ನು ಇಬ್ಬರು ಹಂಚಿಕೊಳ್ಳಬೇಕು.

75 ಓಂ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಕೇಬಲ್ಲಿನ ತಾಮ್ರದ ರೋಧವಲ್ಲ. ಮೀಟರು ಹಿಡಿದು ಅಳೆದರೆ ಸಿಗುವುದಿಲ್ಲ. ಕೇಬಲ್ಲಿನೊಳಗೆ ಸಾಗುವ ತರಂಗದಲ್ಲಿ ವೋಲ್ಟೇಜಿಗೂ ವಿದ್ಯುತ್ ಪ್ರವಾಹಕ್ಕೂ ಇರುವ ಅನುಪಾತ ಇದು. ಇಂಪೀಡೆನ್ಸ್ ಎಂದು ಕರೆಯುತ್ತಾರೆ. ತುದಿಯಲ್ಲಿರುವ ಟಿ.ವಿ.ಯೂ 75 ಓಂ ಆಗಿದ್ದರೆ ತರಂಗ ಪೂರ್ತಿ ಒಳಕ್ಕೆ ಇಳಿಯುತ್ತದೆ. ಬೇರೆಯಾಗಿದ್ದರೆ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ. ಬಾವಿಯ ದಪ್ಪ ಹಗ್ಗಕ್ಕೆ ಸಣ್ಣ ದಾರ ಗಂಟು ಹಾಕಿ ಒಂದು ತುದಿಯಿಂದ ಅಲುಗಿಸಿ ನೋಡಿ. ಅಲೆ ಗಂಟಿನ ತನಕ ಹೋಗಿ, ಸ್ವಲ್ಪ ಮುಂದಕ್ಕೂ ಸ್ವಲ್ಪ ಹಿಂದಕ್ಕೂ ಹೋಗುತ್ತದೆ. ಎರಡು ಟಿ.ವಿ.ಗಳನ್ನು ಒಂದೇ ಗಂಟಿಗೆ ಕಟ್ಟಿದರೆ, 75 ಮತ್ತು 75 ಸಮಾಂತರವಾಗಿ ಸೇರಿ 37.5 ಓಂ ಆಗುತ್ತದೆ. ಆಗ ಗಂಟಿಗೆ ಬಂದ ಶಕ್ತಿಯಲ್ಲಿ ಒಂಬತ್ತರಲ್ಲಿ ಒಂದು ಪಾಲು ಹಿಂದಿರುಗುತ್ತದೆ. ಉಳಿದ ಎಂಟು ಪಾಲನ್ನು ಇಬ್ಬರೂ ನಾಲ್ಕು ನಾಲ್ಕಾಗಿ ಹಂಚಿಕೊಳ್ಳುತ್ತಾರೆ. ನಷ್ಟ ಅಂಥ ದೊಡ್ಡದಲ್ಲ. ಅದಕ್ಕೇ ಎರಡೂ ಟಿ.ವಿ. ಸಿಕ್ಕಿಸಿದ್ದಾಗ ನಮ್ಮ ಎರಡು ಮನೆಗಳ ಸಂಸಾರ ಹೇಗೋ ನಡೆಯುತ್ತಿತ್ತು.

ಈಗ ಒಂದು ಟಿ.ವಿ.ಯ ವೈರನ್ನು ಕೀಳಿ. ಗಂಟಿನಿಂದ ಆ ಮನೆಗೆ ಹೋದ ಕೇಬಲ್ ಹಾಗೆಯೇ ಇದೆ, ಅದರ ತುದಿ ಮಾತ್ರ ಬರಿದಾಗಿದೆ. ತರಂಗ ಅಲ್ಲಿಯ ತನಕ ಹೋಗುತ್ತದೆ. ಇಳಿಯಲು ಜಾಗವಿಲ್ಲದೆ ಪೂರ್ತಿ ಹಿಂದಿರುಗುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಕೂಡಿ ನಿಂತ ಅಲೆಯಾಗುತ್ತದೆ. ಪಿ.ಯು.ಸಿ. ಪ್ರಯೋಗಶಾಲೆಯಲ್ಲಿ ಅನುರಣನ ನಳಿಗೆಯ ಪ್ರಯೋಗ ಮಾಡಿದ್ದೀರಲ್ಲವೆ? ಶ್ರುತಿಕವೆಯನ್ನು ನಳಿಗೆಯ ಬಾಯಿಗೆ ಹಿಡಿದು ನೀರಿನ ಮಟ್ಟ ಇಳಿಸುತ್ತ ಹೋದಾಗ, ಗಾಳಿಯ ಕಂಬ ತರಂಗದೂರದ ಕಾಲು ಭಾಗವಾದ ಜಾಗದಲ್ಲಿ ಸದ್ದು ಜೋರಾಗುತ್ತದೆ. ಒಂದು ತುದಿಯಲ್ಲಿ ಚಲನೆ ಗರಿಷ್ಠ, ಕಾಲು ತರಂಗದಾಚೆ ಶೂನ್ಯ. ಕೇಬಲ್ಲಿನಲ್ಲೂ ಅದೇ ನಿಯಮ. ಬರಿದಾದ ತುದಿಯಲ್ಲಿ ವೋಲ್ಟೇಜು ಗರಿಷ್ಠ. ಅಲ್ಲಿಂದ ಕಾಲು ತರಂಗದಷ್ಟು ಹಿಂದೆ ಬಂದರೆ ವೋಲ್ಟೇಜು ಶೂನ್ಯ. ಮುಕ್ಕಾಲಿನಲ್ಲಿ ಮತ್ತೆ ಶೂನ್ಯ, ಒಂದೂಕಾಲಿನಲ್ಲಿ ಮತ್ತೆ ಶೂನ್ಯ.

ಲೆಕ್ಕ ಸುಲಭವಾಗಲೆಂದು ಆವೃತ್ತಿ 200 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ತರಂಗದೂರ 150 ಸೆಂಟಿಮೀಟರ್. ಸಾಮಾನ್ಯ ಪಾಲಿಥೀನ್ ತುಂಬಿದ ಕೇಬಲ್ಲಿನೊಳಗೆ ತರಂಗದ ವೇಗ ಬೆಳಕಿನ ವೇಗದ ಮೂರನೆಯ ಎರಡು ಭಾಗ. ಹೀಗಾಗಿ ಅಲ್ಲಿ ತರಂಗದೂರ 100 ಸೆಂಟಿಮೀಟರ್, ಅದರ ಕಾಲು ಭಾಗ 25 ಸೆಂಟಿಮೀಟರ್. ಗಂಟಿನಿಂದ ಚಿಕ್ಕಪ್ಪನ ಟಿ.ವಿ.ಯ ತನಕ ಇದ್ದ ಕೇಬಲ್ ನಾಲ್ಕೂಕಾಲು ಮೀಟರ್ ಆಸುಪಾಸು. ಅದರಲ್ಲಿ 25 ಸೆಂಟಿಮೀಟರಿನ ಹದಿನೇಳು ಭಾಗಗಳಿವೆ. ಹದಿನೇಳು ಬೆಸಸಂಖ್ಯೆ. ಅಂದರೆ ಆ ಕೇಬಲ್ಲಿನ ತುದಿಯನ್ನು ಬರಿದಾಗಿ ಬಿಟ್ಟರೆ, ಸರಿಯಾಗಿ ನಮ್ಮ ಗಂಟಿನ ಜಾಗದಲ್ಲಿ ವೋಲ್ಟೇಜು ಶೂನ್ಯಕ್ಕೆ ಹತ್ತಿರ ಬರುತ್ತದೆ. ತಾಮ್ರವನ್ನೂ ಜಾಲರಿಯನ್ನೂ ಅಲ್ಲೇ ಕೂಡಿಸಿಬಿಟ್ಟಂತೆ. ನಮ್ಮ ಟಿ.ವಿ.ಗೆ ಬರುವುದೇನು? ಏನೂ ಇಲ್ಲ. ಅದೇ ಕೇಬಲ್ ಒಂದು ಗೇಣು ಉದ್ದವೋ ಗಿಡ್ಡವೋ ಆಗಿದ್ದರೆ ಸಮಸಂಖ್ಯೆಯಾಗಿ ಚಿತ್ರಕ್ಕೆ ಏನೂ ಆಗುತ್ತಿರಲಿಲ್ಲ. ಆ ರಾತ್ರಿಯ ಜಗಳವೂ ಆಗುತ್ತಿರಲಿಲ್ಲ.

ಹಿಂದಿನ ರಾತ್ರಿಗಳಲ್ಲೂ ಚಿಕ್ಕಪ್ಪ ವೈರು ಕೀಳುತ್ತಿದ್ದರಲ್ಲ, ಆಗ ಯಾಕೆ ಗೊತ್ತಾಗಲಿಲ್ಲ ಎಂದು ಕೇಳುವಿರಿ. ಬೇರೆ ದಿನಗಳಲ್ಲಿ ಅವರು ಮಲಗುವ ಹೊತ್ತಿಗೆ ನಮ್ಮ ಮನೆಯ ಟಿ.ವಿ.ಯೂ ಆರಿರುತ್ತಿತ್ತು.

ಹಾಗಾದರೆ ಹಂಚುವ ಸರಿಯಾದ ವಿಧಾನ ಯಾವುದು? ಅಂಗಡಿಯಲ್ಲಿ ಸ್ಪ್ಲಿಟರ್ ಎಂಬ, ಬೆಂಕಿಪೊಟ್ಟಣದಷ್ಟು ಸಣ್ಣ ಲೋಹದ ಡಬ್ಬಿ ಸಿಗುತ್ತದೆ. ಒಂದು ಕಡೆ ಒಳಬರುವ ಕೇಬಲ್, ಇನ್ನೊಂದು ಕಡೆ ಎರಡು, ಮೂರು, ನಾಲ್ಕು ಅಥವಾ ಎಂಟು ಹೊರಹೋಗುವ ಕೇಬಲ್. ಒಳಗೆ ಮಣಿಯಂಥ ಫೆರೈಟ್ ಚೂರುಗಳ ಮೇಲೆ ಕೆಲವು ಸುತ್ತು ತಂತಿ, ಜೊತೆಗೆ ಒಂದು ರೆಸಿಸ್ಟರ್. ಇದು ಎರಡು ಕೆಲಸ ಮಾಡುತ್ತದೆ. ಒಂದು, ಯಾವ ಕಡೆಯಿಂದ ನೋಡಿದರೂ 75 ಓಂ ಕಾಣುವಂತೆ ಮಾಡುತ್ತದೆ. ಎರಡು, ಹೊರಹೋಗುವ ದಾರಿಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ. ಒಬ್ಬ ವೈರು ಕಿತ್ತರೂ, ಒಬ್ಬನ ಟಿ.ವಿ. ಕೆಟ್ಟರೂ, ಅದು ಇನ್ನೊಬ್ಬನಿಗೆ ಹೆಚ್ಚು ತಟ್ಟುವುದಿಲ್ಲ.

ಆದರೆ ಸ್ಪ್ಲಿಟರ್ ಸಂಕೇತವನ್ನು ಹುಟ್ಟಿಸುವುದಿಲ್ಲ. ಎರಡು ಪಾಲು ಮಾಡಿದರೆ ಪ್ರತಿಯೊಬ್ಬರಿಗೂ ಅರ್ಧ ಶಕ್ತಿ, ಎಂಜಿನಿಯರುಗಳ ಭಾಷೆಯಲ್ಲಿ 3 ಡೆಸಿಬೆಲ್ ಇಳಿಕೆ. ನಾಲ್ಕು ಪಾಲಿಗೆ 6, ಎಂಟು ಪಾಲಿಗೆ 9. ಡಬ್ಬಿ ತನ್ನ ಕೂಲಿಯೆಂದು ಇನ್ನೂ ಸ್ವಲ್ಪ ತಿನ್ನುತ್ತದೆ. ಅರ್ಧ ಶಕ್ತಿ ಎಂದರೆ ವೋಲ್ಟೇಜು ಅರ್ಧವಾಯಿತು ಎಂದಲ್ಲ; 1 ಮಿಲಿವೋಲ್ಟ್ 0.7ಕ್ಕೆ ಇಳಿಯುತ್ತದೆ, ನಾಲ್ಕು ಪಾಲಾದಾಗ 0.5ಕ್ಕೆ. ಬಳಸದೆ ಬಿಟ್ಟ ಬಾಯಿಗೆ 75 ಓಂ ರೆಸಿಸ್ಟರ್ ಇರುವ ಮುಚ್ಚಳ ಹಾಕುವುದು ಒಳ್ಳೆಯ ಅಭ್ಯಾಸ.

ವಿಜ್ಞಾನ ಪ್ರದರ್ಶನಕ್ಕೆ ನೀವೇ ಒಂದು ಸ್ಪ್ಲಿಟರ್ ಮಾಡಬಹುದು. 27 ಓಂನ ಮೂರು ಕಾರ್ಬನ್ ರೆಸಿಸ್ಟರುಗಳನ್ನು ತನ್ನಿ. ಮೂರರ ಒಂದೊಂದು ತುದಿಯನ್ನು ಒಟ್ಟಿಗೆ ಬೆಸುಗೆ ಹಾಕಿ. ಉಳಿದ ಮೂರು ತುದಿಗಳಿಗೆ ಆಂಟೆನಾ ಹಾಗೂ ಎರಡು ಟಿ.ವಿ.ಗಳ ಕೇಬಲ್ಲಿನ ನಡುತಂತಿಗಳು, ಜಾಲರಿಗಳೆಲ್ಲ ಒಂದಾಗಲಿ. ಆಂಟೆನಾದ ಕಡೆಯಿಂದ ನೋಡಿದರೆ 27 ಓಂ, ಅದರ ಮುಂದೆ 102 ಮತ್ತು 102 ಸಮಾಂತರವಾಗಿ 51. ಒಟ್ಟು 78 ಓಂ. 75ಕ್ಕೆ ಸಾಕಷ್ಟು ಹತ್ತಿರ. ಇದರಲ್ಲಿ ಪ್ರತಿ ಟಿ.ವಿ.ಗೆ ಸಿಗುವುದು ಕಾಲು ಭಾಗ ಶಕ್ತಿ, ಉಳಿದ ಅರ್ಧ ರೆಸಿಸ್ಟರುಗಳಲ್ಲೇ ಬಿಸಿಯಾಗಿ ಹೋಗುತ್ತದೆ. ಅಂಗಡಿಯ ಡಬ್ಬಿ ಯಾಕೆ ಮೇಲು ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಕೇಬಲ್ಲಿನ ನಷ್ಟ. 200 ಮೆಗಾಹರ್ಟ್ಸ್ ಸುಮಾರಿಗೆ ಒಳ್ಳೆಯ ಕೇಬಲ್ಲೂ 30 ಮೀಟರಿನಲ್ಲಿ ಅರ್ಧ ಶಕ್ತಿ ನುಂಗುತ್ತದೆ. ತೆಳ್ಳನೆಯದು ಅದಕ್ಕಿಂತ ಹೆಚ್ಚು. ಆದ್ದರಿಂದ ದೂರದ ಹಳ್ಳಿಗಳಲ್ಲಿ ಬೂಸ್ಟರ್ ಹಾಕುತ್ತಿದ್ದರು. 20 ಡೆಸಿಬೆಲ್ಲಿನ ಬೂಸ್ಟರ್ ಶಕ್ತಿಯನ್ನು ನೂರು ಪಟ್ಟು ಮಾಡುತ್ತದೆ. ಒಂದು ಹಾಸ್ಟೆಲಿನಲ್ಲಿ ಎಂಟು ಟಿ.ವಿ. ಇವೆ ಎನ್ನಿ. ಎಂಟು ಪಾಲಿನ ಸ್ಪ್ಲಿಟರಿಗೆ 11, ಕೇಬಲ್ಲಿಗೆ 5 ಡೆಸಿಬೆಲ್ ಹೋದರೂ ಇನ್ನೂ 4 ಉಳಿಯುತ್ತದೆ. ಲೆಕ್ಕ ಸರಿಹೋಯಿತು.

ಆದರೆ ಬೂಸ್ಟರನ್ನು ಎಲ್ಲಿ ಇಡಬೇಕು? ಆಂಟೆನಾದ ಬುಡದಲ್ಲಿ, ಸ್ಪ್ಲಿಟರಿಗಿಂತ ಮೊದಲು. ಅನೇಕರು ಟಿ.ವಿ.ಯ ಪಕ್ಕದಲ್ಲಿಟ್ಟು, ಚುಕ್ಕಿ ಹೋಗಲಿಲ್ಲವೆಂದು ಬೂಸ್ಟರನ್ನು ಬೈಯುತ್ತಿದ್ದರು. ಕೆರೆಯ ನೀರು ತೊಟ್ಟಿಗೆ ಬರುವಷ್ಟರಲ್ಲಿ ಬಗ್ಗಡವಾದರೆ, ತೊಟ್ಟಿಯಲ್ಲಿ ದೊಡ್ಡ ಪಂಪು ಇಟ್ಟು ಏನು ಪ್ರಯೋಜನ? ಬಗ್ಗಡವೂ ಜೋರಾಗಿಯೇ ಬರುತ್ತದೆ. ಸಂಕೇತ ದುರ್ಬಲವಾಗಿ ಗದ್ದಲದ ಮಟ್ಟಕ್ಕೆ ಇಳಿದ ಮೇಲೆ, ಬೂಸ್ಟರ್ ಎರಡನ್ನೂ ಒಟ್ಟಿಗೇ ಹೆಚ್ಚಿಸುತ್ತದೆ. ಇಳಿಯುವ ಮುಂಚೆಯೇ ಎತ್ತಿ ಹಿಡಿಯಬೇಕು. ಬುಡದಲ್ಲಿಟ್ಟ ಬೂಸ್ಟರಿಗೆ ವಿದ್ಯುತ್ತು ಅದೇ ಕೇಬಲ್ಲಿನಲ್ಲಿ ಮೇಲಕ್ಕೆ ಹೋಗುವುದರಿಂದ, ಅದನ್ನು ಹಾಯಗೊಡುವ ಸ್ಪ್ಲಿಟರನ್ನೇ ಕೇಳಿ ತರಬೇಕು.

ಚಿತ್ರದ ಪಕ್ಕದಲ್ಲಿ ಇನ್ನೊಂದು ನೆರಳುಚಿತ್ರ ಕಾಣುವುದು ಹಳೆಯ ಟಿ.ವಿ.ಗಳ ಮತ್ತೊಂದು ಕಾಟ. ನೆರಳು ಬೆಟ್ಟದಿಂದ ಬಂತೋ ಕೇಬಲ್ಲಿನಿಂದ ಬಂತೋ ಎಂದು ಅಳತೆಪಟ್ಟಿಯಿಂದಲೇ ಹೇಳಬಹುದಾಗಿತ್ತು. 20 ಇಂಚಿನ ಟಿ.ವಿ.ಯ ಅಗಲ ಸುಮಾರು 40 ಸೆಂಟಿಮೀಟರ್. ಅಷ್ಟು ಅಗಲದ ಒಂದು ಗೆರೆಯನ್ನು ಅದು 52 ಮೈಕ್ರೊಸೆಕೆಂಡಿನಲ್ಲಿ ಬರೆಯುತ್ತಿತ್ತು. ಒಂದು ಮೈಕ್ರೊಸೆಕೆಂಡಿಗೆ ಸುಮಾರು 7.7 ಮಿಲಿಮೀಟರ್, ಅಷ್ಟರಲ್ಲಿ ತರಂಗ ಗಾಳಿಯಲ್ಲಿ 300 ಮೀಟರ್ ಸಾಗಿರುತ್ತದೆ. ನೆರಳು 2 ಸೆಂಟಿಮೀಟರ್ ಬಲಕ್ಕೆ ಬಿದ್ದಿದ್ದರೆ, ಎರಡನೆಯ ತರಂಗ ಸುಮಾರು 780 ಮೀಟರ್ ಸುತ್ತಿ ಬಂದಿದೆ ಎಂದರ್ಥ. ಅದು ಯಾವುದೋ ಗುಡ್ಡಕ್ಕೆ ಬಡಿದು ಬಂದದ್ದು, ಆಂಟೆನಾ ತಿರುಗಿಸಬೇಕು. 20 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬಂದ ಅಲೆಯಾದರೆ ಒಂದೂವರೆ ಮಿಲಿಮೀಟರ್ ಮಾತ್ರ ಸರಿಯುತ್ತದೆ, ಅಂಚು ಹಿಂಜಿದಂತೆ ಕಾಣುತ್ತದೆ. ಅದಕ್ಕೆ ಗಂಟುಗಳನ್ನು ನೋಡಬೇಕು. ನಮ್ಮ ಎರಡೂ ಮನೆಗಳ ಚಿತ್ರ ಹಿಂಜಿದ್ದು ಎರಡನೆಯ ಬಗೆಯದು. ಗಂಟು ಅಂದೇ ದೂರು ಹೇಳುತ್ತಿತ್ತು, ನಮಗೆ ಕೇಳಿಸಲಿಲ್ಲ.

ಎಚ್ಚರಿಕೆಯ ಒಂದು ಮಾತು ಇಲ್ಲಿ ಹೇಳಲೇಬೇಕು. ಲೋಹದ ಕೊಳವೆಯನ್ನು ವಿದ್ಯುತ್ ತಂತಿಯ ಹತ್ತಿರ ಎತ್ತಬಾರದು. ಕೊಳವೆ ಬಿದ್ದರೂ ತಂತಿಗೆ ತಾಕದಷ್ಟು ದೂರವಿರಬೇಕು. ಮಳೆ, ಗುಡುಗಿನ ಹೊತ್ತಿನಲ್ಲಿ ಮಾಳಿಗೆ ಹತ್ತಬಾರದು. ಕೊಳವೆಗೆ ದಪ್ಪ ತಂತಿಯಿಂದ ಭೂಸಂಪರ್ಕ ಕೊಡಬೇಕು. ಹಳೆಯ ಟಿ.ವಿ.ಗಳಲ್ಲಿ ಅನೇಕವುಗಳ ಒಳಚೌಕಟ್ಟು ನೇರವಾಗಿ ಮನೆಯ ವಿದ್ಯುತ್ತಿಗೆ ಕೂಡಿರುತ್ತಿತ್ತು. ಆಂಟೆನಾದ ಬಾಯಿಯ ಹಿಂದಿನ ಸಣ್ಣ ಕೆಪಾಸಿಟರುಗಳೇ ರಕ್ಷಣೆ. ಅವನ್ನು ತೆಗೆದು ನೇರ ವೈರು ಹಾಕಿದರೆ ಒಂದು ಮನೆಯ ಷಾಕು ಕೇಬಲ್ಲಿನ ಮೂಲಕ ಇನ್ನೊಂದು ಮನೆಗೆ ಹರಿಯಬಹುದು. ಹಂಚಿಕೊಂಡ ವಸ್ತುವಿನಲ್ಲಿ ಒಬ್ಬನ ಅಜಾಗ್ರತೆ ಇಬ್ಬರಿಗೂ ಅಪಾಯ.

ನಮ್ಮ ರಾಜ್ಯದಲ್ಲಿ ಟಿ.ವಿ.ಯ ಕಥೆ ಶುರುವಾದದ್ದೇ ಹಂಚಿಕೊಳ್ಳುವುದರಿಂದ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ 'ಸೈಟ್', ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, 3 ಮೀಟರ್ ಅಗಲದ ಡಿಶ್ ಆಂಟೆನಾ, ಒಂದು ಟಿ.ವಿ., ಅದರ ಮುಂದೆ ಇಡೀ ಊರು. ಅಂದು ಊರಿಗೊಂದು ಪರದೆ. ಮುಂದೆ ಮನೆಗೊಂದು ಪರದೆ ಬಂದಾಗ ಆಂಟೆನಾವನ್ನು ಹಂಚಿಕೊಂಡರು. ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯದ ಬೆಟ್ಟಗಳ ನಡುವಿನ ಊರುಗಳಲ್ಲಿ 1940ರ ದಶಕದ ಕೊನೆಯಲ್ಲೇ, ಬೆಟ್ಟದ ನೆತ್ತಿಯಲ್ಲಿ ಒಂದು ಆಂಟೆನಾ ನೆಟ್ಟು ಕೆಳಗಿನ ಮನೆಗಳಿಗೆಲ್ಲ ಕೇಬಲ್ ಎಳೆದರು. ಕೇಬಲ್ ಟಿ.ವಿ. ಹುಟ್ಟಿದ್ದು ಹಾಗೆ.

ಆ ಪ್ರಸಾರದ ಕಾಲ ಈಗ ಮುಗಿದಿದೆ. ದೂರದರ್ಶನದ ಹಳೆಯ ಅನಲಾಗ್ ಭೂಪ್ರಸಾರ ಕೇಂದ್ರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ನಿಂತುಹೋದವು. 2004ರ ಡಿಸೆಂಬರಿನಲ್ಲಿ ಶುರುವಾದ, ಇಂದು ಡಿ.ಡಿ. ಫ್ರೀ ಡಿಶ್ ಎನ್ನುವ ಸೇವೆ ಮಾಳಿಗೆಯ ಬಟ್ಟಲಿಗೆ ಉಪಗ್ರಹದಿಂದಲೇ ಬರುತ್ತದೆ. ಹಂಚುವ ಪ್ರಶ್ನೆ ಅಲ್ಲೂ ಇದೆ, ನಿಯಮ ಇನ್ನೂ ಬಿಗಿ. ಬಟ್ಟಲಿನ ಮೂತಿಯಲ್ಲಿರುವ ಎಲ್.ಎನ್.ಬಿ. ಎಂಬ ಸಾಧನ ಸಂಕೇತವನ್ನು 950 ಮೆಗಾಹರ್ಟ್ಸಿಗಿಂತ ಮೇಲಿನ ಆವೃತ್ತಿಯಲ್ಲಿ ಕೆಳಕ್ಕೆ ಕಳಿಸುತ್ತದೆ. ಹಳೆಯ ಸ್ಪ್ಲಿಟರುಗಳು ಅದನ್ನು ಸರಿಯಾಗಿ ಹಾಯಗೊಡಲಾರವು. ಜೊತೆಗೆ ಸೆಟ್‌ಟಾಪ್ ಬಾಕ್ಸು 13 ಅಥವಾ 18 ವೋಲ್ಟ್ ಮೇಲಕ್ಕೆ ಕಳಿಸಿ, ಯಾವ ಧ್ರುವೀಕರಣದ ತರಂಗ ಬೇಕೆಂದು ಹೇಳುತ್ತದೆ. ಒಂದೇ ಕೇಬಲ್ಲಿಗೆ ಎರಡು ಬಾಕ್ಸು ಕಟ್ಟಿದರೆ ಒಬ್ಬ 13 ಎನ್ನುತ್ತಾನೆ, ಇನ್ನೊಬ್ಬ 18 ಎನ್ನುತ್ತಾನೆ. ಅದಕ್ಕೆ ಎರಡು ಬಾಯಿಯ ಎಲ್.ಎನ್.ಬಿ. ಹಾಕಿ ಎರಡು ಕೇಬಲ್ ಎಳೆಯಬೇಕು. ಇನ್ನೊಂದು ವ್ಯತ್ಯಾಸವಿದೆ. ಅನಲಾಗ್ ಚಿತ್ರ ಬಡವಾಗುತ್ತ ಬಡವಾಗುತ್ತ ಎಚ್ಚರಿಕೆ ಕೊಡುತ್ತಿತ್ತು. ಡಿಜಿಟಲ್ ಚಿತ್ರ ಕೊನೆಯ ತನಕ ಚೆನ್ನಾಗಿದ್ದು ಒಮ್ಮೆಲೆ ನಿಂತುಬಿಡುತ್ತದೆ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ಜೂನಿನಲ್ಲಿ ಕಾಲೇಜು ತೆರೆದಾಗ ಭೌತವಿಜ್ಞಾನದ ಮೇಷ್ಟ್ರ ಹತ್ತಿರ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. "ಆ ತುಂಡು ಕೇಬಲ್ ಎಷ್ಟು ಉದ್ದ ಇತ್ತು?" ಎಂದು ಕೇಳಿದರು. ನಾನು ಊರಿಗೆ ಹೋಗಿ, ಚಿಕ್ಕಪ್ಪನ ಮನೆಯ ಗೂಟಕ್ಕೆ ಸುರುಳಿ ಸುತ್ತಿ ನೇತುಹಾಕಿದ್ದ ಕೇಬಲನ್ನು ಅಳೆದು ಬಂದೆ. ಮೇಷ್ಟ್ರು ಹಲಗೆಯ ಮೇಲೆ ಅಲೆ ಬರೆದು ಕಾಲು ಭಾಗಗಳನ್ನು ಎಣಿಸಿದರು. ಆ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಹೋಗಿ ಅಪ್ಪನ ಮುಂದಿಟ್ಟೆ. ಅಪ್ಪನಿಗೆ ತರಂಗದೂರ ಅರ್ಥವಾಗಲಿಲ್ಲ. ಆದರೆ ನಾನು ಸಿರಾದಿಂದ ಕೊಂಡು ತಂದಿದ್ದ ಇನ್ನೊಂದು ತುಂಡು ಕೇಬಲನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ, ಗಂಟಿಗೆ ಕಟ್ಟಿ, ಆ ತುದಿಯನ್ನು ಸುಮ್ಮನೆ ಗಾಳಿಯಲ್ಲಿ ಬಿಟ್ಟಾಗ ಟಿ.ವಿ.ಯ ಚಿತ್ರ ಹೋದದ್ದನ್ನು ಕಣ್ಣಾರೆ ನೋಡಿದರು. ತುದಿಯಿಂದ ಒಂದು ಗೇಣು ಕತ್ತರಿಸಿದೆ, ಚಿತ್ರ ಬಂತು. ಆಚೆ ಯಾರೂ ಇರಲಿಲ್ಲ, ಯಾರೂ ಏನನ್ನೂ ಮುಟ್ಟಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎರಡು ಬಾಯಿಯ ಆ ಡಬ್ಬಿಯನ್ನು ಎತ್ತಿಕೊಂಡು, ಗೋಡೆಯ ಮೇಲಿಂದ ಕೂಗದೆ, ಬೀದಿಯಿಂದ ಸುತ್ತಿ ಚಿಕ್ಕಪ್ಪನ ಬಾಗಿಲಿಗೆ ಹೋದರು. "ನಿಂದು ತಪ್ಪಿರ್ಲಿಲ್ಲ ಕಣಪ್ಪ. ಏಣಿ ತಗೊಂಬಾ" ಎಂದರು. ಅವತ್ತು ಸೂರಿನ ಕೆಳಗೆ ಡಬ್ಬಿ ಕೂರಿಸಿದ್ದು ಅವರಿಬ್ಬರೇ. ನಾನು ಟಿ.ವಿ.ಯ ಮುಂದೆ ನಿಂತು "ಬಂತು" ಎಂದೆ. ಗೋಡೆಯಾಚೆಯಿಂದ ಚಿಕ್ಕಪ್ಪನ ಮಗಳೂ "ಬಂತು" ಎಂದಳು.

ಮಿತ್ರರೆ, ನಿಮ್ಮ ಮನೆಯಲ್ಲಿ ಹಳೆಯ ಕೇಬಲ್, ಹಳೆಯ ಆಂಟೆನಾ ಇದ್ದರೆ ಅಟ್ಟದಿಂದ ಇಳಿಸಿ ಅಳೆದು ನೋಡಿ. ಮೂರು ರೆಸಿಸ್ಟರುಗಳ ಸ್ಪ್ಲಿಟರನ್ನು ಮಾಡಿ ನೋಡಿ. ಮುಂದೆ ಎಂದಾದರೂ ಇಬ್ಬರು ಒಂದೇ ವಿಷಯಕ್ಕೆ ಒಬ್ಬರನ್ನೊಬ್ಬರು ದೂರುತ್ತಿದ್ದರೆ, ನಡುವಿನ ಗಂಟನ್ನೂ ಒಮ್ಮೆ ಬಿಚ್ಚಿ ಪರೀಕ್ಷಿಸಿ.